ನಿಮ್ಮ ಮಗಳು ಯಾವ ಶಾಲೆ ಮೇಡಂ?

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯ 23 ಮಕ್ಕಳಿಗೆ ನಲಿಕಲಿ (ಗುಂಪುಗಳಲ್ಲಿ ಕೂತು, ಕಾರ್ಡು ಹಿಡಿದು, ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ) ನಡೆಸುತ್ತೇನೆ. ಮನೆ ತಾಲ್ಲೂಕು ಕೇಂದ್ರದಲ್ಲಿ, ಶಾಲೆ 14 ಕಿ.ಮೀ. ದೂರದ ಹಳ್ಳಿಯಲ್ಲಿ. ಜೂನ್‌ಗೆ ಮಗಳನ್ನು ಒಂದನೇ ತರಗತಿಗೆ ಸೇರಿಸಬೇಕು. ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿರುವ ಯಜಮಾನರು ಪೇಟೆಯ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯೇ ಆಗಬೇಕು ಅನ್ನುತ್ತಾರೆ. ‘ದೊಡ್ಡವನ ಮಕ್ಕಳು ಅಲ್ಲೇ ಓದ್ತಿಲ್ವಾ’ ಎಂದು ಅತ್ತೆಯ ಒತ್ತಾಸೆ. ದಾಖಲಾತಿ ಆಂದೋಲನಕ್ಕೆ ಮನೆ ಮನೆಗೆ ಹೋದಾಗ ಒಬ್ಬ ತಾಯಿ, ‘ನಿಮ್ಮ ಮಗಳು ಯಾವ ಶಾಲೆ ಮೇಡಂ?’ ಎಂದರು. ಬಾಯಿ ಕಟ್ಟಿಹೋಯಿತು. ನಾನು ಎರಡು ನಾಲಿಗೆಯವಳಾ?

ಉತ್ತರ: ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. ಸರ್ಕಾರಿ ನೌಕರರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದಬೇಕೆಂಬ ನಿಯಮ ನಮ್ಮಲ್ಲಿಲ್ಲ. 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಉತ್ತರ ಪ್ರದೇಶಕ್ಕೆ ಅಂಥದೊಂದು ಆದೇಶ ಕೊಟ್ಟಿತು. ಅದು ಜಾರಿಗೆ ಬರಲಿಲ್ಲ. ಬೋಧನಾ ಮಾಧ್ಯಮದ ಆಯ್ಕೆ ಪಾಲಕರದ್ದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ, ಅದೂ ಕರ್ನಾಟಕದ ಪ್ರಕರಣದಲ್ಲೇ, ಹೇಳಿದೆ. ಹಾಗಾಗಿ ನೀವು ತಪ್ಪಿತಸ್ಥೆಯಲ್ಲ. ಆದರೆ ಆ ತಾಯಿ ಕೇಳಿದ್ದು ಕಾನೂನನ್ನಲ್ಲ. ಒಳಗಿನವರಾದ ನಿಮಗೆ ಆ ಶಾಲೆಯ ಬಗ್ಗೆ ಏನು ಗೊತ್ತಿದೆ ಎಂದು ಕೇಳಿದರು. ಅದಕ್ಕೆ ನಿಮ್ಮ ಹತ್ತಿರ ಲೆಕ್ಕವಿದೆ, ತೆಗೆಯಿರಿ.

ಹೋದ ವರ್ಷದ ಹಾಜರಿ ಪುಸ್ತಕ, ನಿಮ್ಮ ಓಓಡಿ (ಬೇರೆ ಕೆಲಸಕ್ಕೆ ನಿಯೋಜನೆ) ಪತ್ರಗಳು, ಕ್ಯಾಲೆಂಡರ್ ಮೂರನ್ನೂ ಇಟ್ಟುಕೊಂಡು ಒಂದು ಸಂಜೆ ಕುಳಿತುಕೊಳ್ಳಿ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕೆಂದು ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಹೇಳುತ್ತದೆ. ಅದರಲ್ಲಿ ತಟ್ಟೆಗಳಿಗೆ (ನಲಿಕಲಿಯ ಗುಂಪುಗಳಿಗೆ) ಮಕ್ಕಳನ್ನು ಕೂರಿಸಿ, ಕಾರ್ಡು ಹಿಡಿದು ನೀವು ನಿಜವಾಗಿ ಕಲಿಸಿದ್ದು ಎಷ್ಟು ದಿನ? ತರಬೇತಿ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ, ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ಎಂಟ್ರಿಗೆ ಹೋದ ಅರ್ಧ ದಿನಗಳನ್ನೂ ಕಳೆಯಿರಿ. ನಲಿಕಲಿ ಸೋಲುವುದು ಹೆಚ್ಚಾಗಿ ಇಲ್ಲೇ. ಮಗು ಕಲಿಕೆಯ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ಗೊತ್ತಿರುವುದು ನಿಮಗೊಬ್ಬರಿಗೇ. ನೀವಿಲ್ಲದ ದಿನ ಬಂದವರು ಮೂರು ತರಗತಿಯನ್ನೂ ಒಟ್ಟಿಗೆ ಕೂರಿಸಿ ಕಾಗುಣಿತ ಬರೆಸುತ್ತಾರೆ. ನಿಜವಾದ ದಿನಗಳು 160 ದಾಟಿದರೆ ನಿಮ್ಮ ತರಗತಿ ಚೆನ್ನಾಗಿದೆ ಎನ್ನಬಹುದು. 120ರ ಕೆಳಗಿದ್ದರೆ ಮಗಳನ್ನು ಅಲ್ಲಿ ಕೂರಿಸುವ ಮಾತು ಬೇಡ. ಈ ಗೆರೆ ಇಲಾಖೆ ಎಳೆದದ್ದಲ್ಲ, ನಮ್ಮ ಅಂದಾಜು.

ಇನ್ನೊಂದು ಪರೀಕ್ಷೆ. ಮೂರನೇ ತರಗತಿಯ ಮಕ್ಕಳಿಗೆ ಎರಡನೇ ತರಗತಿ ಮಟ್ಟದ, ಮೊದಲು ನೋಡಿರದ ಒಂದು ಪುಟ ಕೊಟ್ಟು ಓದಿಸಿ. ದಶಕ ತೆಗೆದುಕೊಂಡು ಕಳೆಯುವ ಎರಡು ಲೆಕ್ಕ ಮಾಡಿಸಿ. ಹತ್ತರಲ್ಲಿ ಏಳು ಮಕ್ಕಳಿಗೆ ಬಂದರೆ ಸಾಕು.

ಖಾಸಗಿ ಶಾಲೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು. ಅಡ್ಮಿಷನ್ ದಿನ ಹೋದರೆ ಬಣ್ಣದ ಗೋಡೆ ಮಾತ್ರ ಕಾಣುತ್ತದೆ. ಶಾಲೆ ನಡೆಯುವ ದಿನ ಯಜಮಾನರೊಂದಿಗೆ ಹೋಗಿ. ಒಂದನೇ ತರಗತಿಯ ಒಂದು ಸೆಕ್ಷನ್‌ನಲ್ಲಿ ಎಷ್ಟು ಮಕ್ಕಳು, ಆ ಮಿಸ್ ಡಿ.ಇಡಿ ಮಾಡಿದ್ದಾರಾ, ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ಕೇಳಿ. ಪ್ರತಿ ಜೂನ್‌ಗೆ ಹೊಸ ಮಿಸ್ ಬರುವ ಶಾಲೆಯಲ್ಲಿ ಮಗು ಪ್ರತಿ ಜೂನ್‌ಗೆ ಮೊದಲಿನಿಂದ ಶುರುಮಾಡುತ್ತದೆ. ಓರಗಿತ್ತಿಯ ಮಕ್ಕಳು ಅಲ್ಲೇ ಇರುವುದು ಒಳ್ಳೆಯದೇ ಆಯಿತು: ಓದಿರದ ಒಂದು ಇಂಗ್ಲಿಷ್ ಪುಟ ಓದಿಸಿ, ಏನು ಬರೆದಿದೆ ಎಂದು ಕನ್ನಡದಲ್ಲಿ ಹೇಳಿಸಿ. ಗಿಳಿಪಾಠವೋ ಅಲ್ಲವೋ ಐದು ನಿಮಿಷದಲ್ಲಿ ತಿಳಿಯುತ್ತದೆ. ಅತ್ತೆಯ ಎದುರಿಗೆ ಮಾತ್ರ ಮಾಡಬೇಡಿ.

ನೋಂದಣಿ ಪತ್ರದಲ್ಲಿ ಮಾಧ್ಯಮ ಯಾವುದು, ಪಠ್ಯಕ್ರಮ ಯಾವುದು, ಮಾನ್ಯತೆ ನವೀಕರಣವಾಗಿದೆಯೇ ಎಂದು ನೋಡಿ. ಬೋರ್ಡಿನಲ್ಲಿ ಸಿಬಿಎಸ್‌ಇ ಎಂದಿದ್ದರೆ ಸಿಬಿಎಸ್‌ಇ ಜಾಲತಾಣದಲ್ಲಿ ಆ ಶಾಲೆಯ ಸಂಯೋಜನೆ (ಅಫಿಲಿಯೇಷನ್) ಹುಡುಕಿ. ರಾಜ್ಯ ಪಠ್ಯಕ್ರಮದ ಅನುಮತಿ ಇಟ್ಟುಕೊಂಡು ಸಿಬಿಎಸ್‌ಇ ಹೆಸರು ಹೇಳುವವರು ಸಿಕ್ಕಿಬಿದ್ದದ್ದುಂಟು. ಬೋಧನಾ ಶುಲ್ಕ, ಪುಸ್ತಕ, ಸಮವಸ್ತ್ರ, ವ್ಯಾನ್ ಎಲ್ಲ ಸೇರಿದ ಮೊತ್ತವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಮಗುವಿಗೋ ನಿಮಗೋ ಸಂದರ್ಶನ ಎಂದರೆ ಆರ್‌ಟಿಇ 13ನೇ ಸೆಕ್ಷನ್ ಅದನ್ನು ನಿಷೇಧಿಸಿದೆ.

ಮನೆಯ ಮಾತುಕತೆಯಲ್ಲಿ ಬಾರದ ಒಂದು ವಿಷಯವಿದೆ. ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಮೀಸಲು. ಎರಡಕ್ಕೂ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಾಗೇ ಓದಿರಬೇಕು. ಒಂದನೇ ತರಗತಿಗೇ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಎರಡೂ ಬಾಗಿಲು ಅಂದೇ ಮುಚ್ಚುತ್ತವೆ. ಸರ್ಕಾರಿ ಶಾಲೆಯದ್ದೇ ಆಂಗ್ಲ ಮಾಧ್ಯಮ ವಿಭಾಗವಾದರೂ ಕನ್ನಡ ಮಾಧ್ಯಮದ ಅವಕಾಶ ಹೋಗುತ್ತದೆ. ನಿಮ್ಮಿಬ್ಬರ ಸಂಬಳಕ್ಕೆ ಗ್ರಾಮೀಣ ಕೋಟಾದಲ್ಲಿ ಕೆನೆಪದರದ (ಉಳ್ಳವರನ್ನು ಹೊರಗಿಡುವ) ನಿಯಮ ಅಡ್ಡ ಬರಬಹುದು, ನಿಮ್ಮ ಪ್ರವರ್ಗಕ್ಕೆ ವಿಚಾರಿಸಿಕೊಳ್ಳಿ.

ನಮ್ಮ ಒಲವು ಕೇಳಿದರೆ: ದಿನಗಳ ಲೆಕ್ಕ ಸರಿಬಂದರೆ ಮೂರನೇ ತರಗತಿವರೆಗೆ ನಿಮ್ಮ ಶಾಲೆಯೇ ಇರಲಿ. ಮನೆಮಾತಿನಲ್ಲಿ ಓದು ಗಟ್ಟಿಯಾದ ಮಗುವಿಗೆ ಇಂಗ್ಲಿಷ್ ಓದು ತಡವಾಗಿ ಬಂದರೂ ಬರುತ್ತದೆ, ಅಲ್ಲದೆ ಒಂದನೇ ತರಗತಿಯಿಂದಲೇ ಅಲ್ಲೂ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ತೊಡಕು ಎರಡು. ನಿಮಗೆ ಓಓಡಿ ಬಂದ ದಿನ ಬಸ್ಸಿನಲ್ಲಿ ಅವಳನ್ನು ಕರೆದೊಯ್ಯುವ ಸಹೋದ್ಯೋಗಿ ಯಾರೆಂದು ಈಗಲೇ ಗೊತ್ತುಮಾಡಿ. ಶಾಲೆಯಲ್ಲಿ ನೀವು ಅವಳಿಗೂ ‘ಟೀಚರ್’. ಅವಳ ಮೌಲ್ಯಮಾಪನ ಮಾತ್ರ ಬೇರೊಬ್ಬರು ಮಾಡಲಿ, ಇಲ್ಲದಿದ್ದರೆ ಅವಳನ್ನು ಮುದ್ದಿಸಿಯೋ ಅತಿಯಾಗಿ ಗದರಿಸಿಯೋ ಕೆಡಿಸುತ್ತೀರಿ. ನಾಲ್ಕಕ್ಕೆ ಬದಲಿಸಬೇಕೆನಿಸಿದರೆ ಎಸ್‌ಎಟಿಎಸ್ ಸಂಖ್ಯೆ ಜೊತೆಗೇ ಹೋಗುತ್ತದೆ. ಯಜಮಾನರೂ ಪಾಲಕರಾಗಿ ಶಾಲೆಯ ಸಭೆಗೆ ಬರುತ್ತಾರಲ್ಲ, ತಾಲ್ಲೂಕು ಕಚೇರಿಯ ಕಡತ ಯಾವ ಮೇಜಿನಲ್ಲಿ ಮಲಗುತ್ತದೆಂದು ಬಲ್ಲವರೊಬ್ಬರು ಅಲ್ಲಿ ಕೂರುವುದು ಚಿಕ್ಕ ಲಾಭವಲ್ಲ.

ಲೆಕ್ಕ ಸರಿಬಾರದಿದ್ದರೆ ಮೊದಲು ಪೇಟೆಯ ಸರ್ಕಾರಿ ಶಾಲೆ ಅಥವಾ ಕೆಪಿಎಸ್ (ಕರ್ನಾಟಕ ಪಬ್ಲಿಕ್ ಶಾಲೆ) ನೋಡಿ, ಆಮೇಲೆ ಖಾಸಗಿ. ಖಾಸಗಿಗೇ ಹಾಕಿದಿರಿ ಎನ್ನಿ, ಆ ತಾಯಿಗೆ ‘ಯಜಮಾನರ ಹಟ’ ಎನ್ನಬೇಡಿ. ‘ಪೇಟೆ ಶಾಲೆಗೆ ಹಾಕಿದ್ದೇವೆ. ನನ್ನ ತರಗತಿಯಲ್ಲಿ ಹೋದ ವರ್ಷ ಇಷ್ಟು ದಿನ ಪಾಠ ನಡೆಯಿತು, ಇಷ್ಟು ಮಕ್ಕಳು ಓದುತ್ತಾರೆ, ಒಂದು ದಿನ ಬಂದು ಕೂತು ನೋಡಿ’ ಎನ್ನಿ. ನಿಮ್ಮನ್ನು ತರಗತಿಯಿಂದ ಎಳೆದ ದಿನಗಳ ಪಟ್ಟಿ ಸಿದ್ಧವಿದೆಯಲ್ಲ, ಅದರ ಒಂದು ಪ್ರತಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿಯಲ್ಲಿ ಸೇರಿಸಿ, ಇನ್ನೊಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.