ಹಂಚಿನ ಮನೆಯ ಕತ್ತಲೆ ಕೋಣೆಗೆ ಪಾಲಿಕಾರ್ಬೊನೇಟ್ ಗೋಡೆ ಹಾಕಿಸಬಹುದೇ?

ನಡುಕೋಣೆಯಲ್ಲಿ ಹಗಲಲ್ಲೂ ಲೈಟ್ ಬೇಕು, ಪಡುಗೋಡೆ ಒಡೆದು ಬೆಳಕು ಬಿಡುವ ಪಾಲಿಕಾರ್ಬೊನೇಟ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಪ್ಯಾನೆಲ್ ಹಾಕಿಸಲಾ, ದಪ್ಪ 10 ಮಿ.ಮೀ. ಸಾಕಾ 16 ಮಿ.ಮೀ. ಬೇಕಾ ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನಾನು ಇದನ್ನೇ ಮಾಡಿದವನು.

ನಮ್ಮದು ಉಡುಪಿ ಕಡೆಯ ಕಟಪಾಡಿ ಹತ್ತಿರ ಕೆಂಪುಕಲ್ಲಿನ ಹಳೇ ಮನೆ. ಊಟದ ಕೋಣೆಯ ಪಡುಗೋಡೆಯನ್ನು ಆರಡಿ ಅಗಲಕ್ಕೆ ಒಡೆಸಿ, ಮೇಲೆ ಲಿಂಟಲ್ ಕೊಟ್ಟು, 10 ಮಿ.ಮೀ. ದಪ್ಪದ ಹಾಲುಬಣ್ಣದ ಪಾಲಿಕಾರ್ಬೊನೇಟ್ ಶೀಟು ನಿಲ್ಲಿಸಿದೆವು. ಎರಡು ಪದರ, ನಡುವೆ ಉದ್ದಕ್ಕೂ ಸಣ್ಣ ಸಣ್ಣ ಕೊಳವೆ ಇರುತ್ತದಲ್ಲ, ಅದು. ಮೊದಲ ದಿನ ಅಮ್ಮ ಅಲ್ಲೇ ಕೂತು ಕನ್ನಡಕ ಇಲ್ಲದೆ ಅಕ್ಕಿಯ ಕಲ್ಲು ಆರಿಸಿದರು. ನಾನು ಹಿಗ್ಗಿ ಹೋದೆ.

ಎಡವಟ್ಟಾದದ್ದು ಟೇಪಿನಲ್ಲಿ. ಕೊಳವೆಗಳ ಮೇಲಿನ ಬಾಯಿಗೆ ಅಲ್ಯೂಮಿನಿಯಂ ಟೇಪು, ಕೆಳಗಿನ ಬಾಯಿಗೆ ಸಣ್ಣ ತೂತುಗಳಿರುವ ಬೇರೆ ಟೇಪು ಹಾಕಬೇಕು ಎಂದು ಕೆಲಸದವನು ಹೇಳಿದ್ದ. "ತೂತಿರುವ ಟೇಪಿಗೆ ಯಾಕೆ ದುಡ್ಡು? ಎರಡೂ ಕಡೆ ಸಿಲಿಕಾನ್ ಬಳಿ" ಎಂದವನು ನಾನೇ. ಬುದ್ಧಿವಂತ ಅಲ್ವಾ! ಆ ತೂತು ಇರುವುದೇ ಒಳಗಿನ ತೇವ ಇಳಿದು ಹೋಗಲಿಕ್ಕೆ. ಮಧ್ಯಾಹ್ನದ ಬಿಸಿಲಿಗೆ ಕೊಳವೆಯ ಗಾಳಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಶೀಟೂ ಹಾಗೆಯೇ. ಹತ್ತಡಿ ಶೀಟು ಹತ್ತು ಡಿಗ್ರಿ ಬಿಸಿ ಏರಿದರೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಸಿಲಿಕಾನ್ ಎಷ್ಟು ದಿನ ತಡೆದೀತು? ಕೂದಲೆಳೆಯಷ್ಟು ಬಿಟ್ಟುಕೊಂಡಿತು. ನಮ್ಮ ಮಳೆ ಬೀಸುವುದೇ ಪಡುವಣದಿಂದ. ನೀರು ಒಳಗೆ ಹೋಯಿತು, ಹೊರಬರಲು ದಾರಿ ಇರಲಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ನೋಡಿದರೆ ಕೊಳವೆಗಳಲ್ಲಿ ಹಸಿರು ಪಾಚಿ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಹೊರಗಿನಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಅದು ಇರುವುದೇ ಒಳಗೆ. ಒಂದು ಕೊಳವೆಯಲ್ಲಿ ಇರುವೆಗಳು ಸಾಲುಗಟ್ಟಿ ಮೊಟ್ಟೆ ಹೊರುತ್ತಿದ್ದವು. ಎರಡನೇ ಮಳೆಗಾಲದ ಹೊತ್ತಿಗೆ ಕೋಣೆಗೆ ಕೆರೆಯ ತಳದ ಬೆಳಕು. ಇಡೀ ಶೀಟು ಬದಲಿಸಿದೆ. ಉಳಿಸಿದ್ದು ಒಂದು ರೋಲ್ ಟೇಪಿನ ದುಡ್ಡು.

ಪಡುವಣದ ಬಿಸಿಲಿನ ಮಾತು ಬೇರೆ. ಏಪ್ರಿಲ್‌ನಲ್ಲಿ ನಾಲ್ಕು ಗಂಟೆಗೆ ಆ ಕೋಣೆಯಲ್ಲಿ ಚಾ ಕುಡಿಯಲೂ ಆಗುತ್ತಿರಲಿಲ್ಲ. ರಾತ್ರಿ ಲೈಟ್ ಹಾಕಿದರೆ ದಾರಿಯಲ್ಲಿ ಹೋಗುವವರಿಗೆ ನಮ್ಮದೇ ತೊಗಲುಗೊಂಬೆಯಾಟ.

ಹಾಗಾಗಿ 10 ಮಿ.ಮೀ.ಯಾ 16 ಮಿ.ಮೀ.ಯಾ ಎಂಬ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ನಿಮ್ಮದು ಹಂಚಿನ ಮಾಡು. ಗೋಡೆ ಯಾಕೆ ಒಡೆಯುತ್ತೀರಿ? ನಾಲ್ಕು ಗಾಜಿನ ಹಂಚು ಹಾಕಿಸಿ ನೋಡಿ. ನಮ್ಮ ಅಜ್ಜಂದಿರು ಕತ್ತಲೆ ಅಡುಗೆಮನೆಗೆ ಮಾಡಿದ್ದೂ ಅದನ್ನೇ. ಸುಮ್ನೆ ಮಂಗಳೂರು ಹಂಚು ತೆಗೆದು ಅದೇ ಜಾಗದಲ್ಲಿ ಕೂರಿಸಿದರಾಯಿತು, ಅರ್ಧ ದಿನದ ಕೆಲಸ. ನಡುಕೋಣೆಗೆ ಅಟ್ಟವಿದ್ದರೆ ಮಾತ್ರ ಇದು ನಡೆಯುವುದಿಲ್ಲ.

ಆಗ ಪ್ಯಾನೆಲ್ಲೇ ಗತಿ. ಆದರೆ ಬಡಗು ಗೋಡೆಗೆ ಹಾಕಿಸಿ, ಕೊಳವೆ ಮೇಲಿನಿಂದ ಕೆಳಕ್ಕೆ ಬರಲಿ, ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಯುವಿ ಪದರದ ಬದಿ ಹೊರಗಿರಲಿ. ಆ ಬದಿಯ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದಿರುತ್ತದೆ, ಅದನ್ನು ಮೊದಲೇ ಕಿತ್ತುಬಿಟ್ಟರೆ ಯಾವುದು ಯಾವ ಕಡೆ ಎಂದು ಆಮೇಲೆ ಗೊತ್ತಾಗುವುದಿಲ್ಲ. ಶೀಟು ಹಿಗ್ಗಲು ಜಾಗ ಬೇಕು, ಸ್ಕ್ರೂ ತೂತು ಸ್ವಲ್ಪ ದೊಡ್ಡದೇ ಇರಲಿ. ಟೇಪಿನ ವಿಷಯ ಇನ್ನೊಮ್ಮೆ ಹೇಳಬೇಕಾಗಿಲ್ಲ ತಾನೆ?

ಗಾಜಿನ ಹಂಚು ಹಾಕಿಸುವುದಾದರೆ, ಆಳು ಮಾಡಿಗೆ ಹತ್ತುವ ಮೊದಲು ಪಕ್ಕಾಸು, ರೀಪುಗಳನ್ನು (ಹಂಚು ಹೊರುವ ಮರದ ತೊಲೆ, ಪಟ್ಟಿಗಳನ್ನು) ಕುಟ್ಟಿ ನೋಡಿ. ನಮ್ಮಲ್ಲಿ ಎರಡು ರೀಪನ್ನು ಗೆದ್ದಲು ತಿಂದು ಮುಗಿಸಿತ್ತು.