ಅಪಘಾತ ಕಂಡ ಮಗು: ಥೆರಪಿಗೆ ಅಪ್ಪ ಅಮ್ಮ ಯಾಕೆ ಬರಬೇಕು?

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಮೂರು ತಿಂಗಳ ಹಿಂದೆ ನಾವು ಮೂವರೂ ಇದ್ದ ಕಾರಿಗೆ ಅಪಘಾತವಾಯಿತು. ಗಂಡನ ಕಾಲು ಮುರಿಯಿತು, ಮಗನಿಗೆ ಏನೂ ಆಗಲಿಲ್ಲ. ಆದರೆ ಈಗ ಅವನು ಒಬ್ಬನೇ ಮಲಗುವುದಿಲ್ಲ. ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಆಟದ ಕಾರುಗಳನ್ನು ಮತ್ತೆ ಮತ್ತೆ ಡಿಕ್ಕಿ ಹೊಡೆಸುತ್ತಾನೆ. ನಾನೂ ಸುಮ್ಸುಮ್ನೆ ರೇಗುತ್ತೇನೆ. ಟ್ರಾಮಾ ಥೆರಪಿಗೆ, ಅಂದರೆ ಮನಸ್ಸಿಗಾದ ಆಘಾತದ ಚಿಕಿತ್ಸೆಗೆ, ಅಪ್ಪ ಅಮ್ಮನೂ ಬರಬೇಕಂತೆ. ತಪ್ಪು ನಮ್ಮದು ಅಂತಲೇ?

ಉತ್ತರ: ಖಂಡಿತ ಅಲ್ಲ. ಮಗು ಥೆರಪಿಸ್ಟ್ ಜೊತೆ ಇರುವುದು ವಾರಕ್ಕೆ ಒಂದು ಗಂಟೆ. ರಾತ್ರಿ ಬೆಚ್ಚಿ ಎದ್ದಾಗ ಪಕ್ಕದಲ್ಲಿ ಇರುವವರು ನೀವು. ಅದಕ್ಕೇ ನಿಮ್ಮನ್ನು ಕರೆಯುತ್ತಾರೆ.

ಇಂಥ ಘಟನೆಯ ನಂತರ ಮೊದಲ ಕೆಲವು ವಾರ ಭಯ, ನಿದ್ದೆಗೇಡು ಎಷ್ಟೋ ಮಕ್ಕಳಿಗೆ ಇರುತ್ತದೆ, ತಾನಾಗಿ ಇಳಿಯುತ್ತದೆ. ತಿಂಗಳು ದಾಟಿದರೂ ಇಳಿಯದಿದ್ದರೆ ತೋರಿಸಬೇಕು. ನಿಮಗೆ ಮೂರು ತಿಂಗಳಾಗಿದೆ, ಇನ್ನು ಕಾಯಬೇಡಿ. ಹಾಸಿಗೆ ಒದ್ದೆಯಾಗುವುದಕ್ಕೆ ಮೂತ್ರದ ಸೋಂಕಿನಂಥ ಕಾರಣವೂ ಇರಬಹುದು, ಮಕ್ಕಳ ಡಾಕ್ಟರಿಗೂ ಒಮ್ಮೆ ತೋರಿಸಿ.

ಟ್ರಾಮಾಗೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಎಂಬ ವಿಧಾನವಿದೆ. 3ರಿಂದ 18 ವರ್ಷದವರಿಗೆ. ಸಾಮಾನ್ಯವಾಗಿ 12ರಿಂದ 16 ಭೇಟಿ. ಮಗುವಿನ ಜೊತೆ ಸ್ವಲ್ಪ ಹೊತ್ತು, ಅಪ್ಪ ಅಮ್ಮನ ಜೊತೆ ಸ್ವಲ್ಪ ಹೊತ್ತು. ಮೊದಲ ದಿನವೇ ಅಪಘಾತದ ಮಾತು ಕೆದಕುವುದಿಲ್ಲ. ಉಸಿರು ನಿಧಾನ ಮಾಡುವುದು, ಭಯ ಬಂದರೆ ಭಯ ಅಂತ ಹೇಳುವುದು, ಇವನ್ನು ಮೊದಲು ಕಲಿಸುತ್ತಾರೆ. ಆಮೇಲೆ ಮಗು ತನ್ನ ಕಥೆಯನ್ನು ಸ್ವಲ್ಪಸ್ವಲ್ಪವೇ ಹೇಳುತ್ತದೆ, ಬರೆಯುತ್ತದೆ ಅಥವಾ ಚಿತ್ರ ಬಿಡಿಸುತ್ತದೆ.

ನೀವು ಬೇಕೇ ಬೇಕಾಗುವುದು ಇಲ್ಲಿ. "ನಾನು ಹಿಂದಿನಿಂದ ಅಪ್ಪನನ್ನು ಕರೆದೆ, ಅದಕ್ಕೇ ಗುದ್ದಿತು" ಎಂಬಂಥ ಮಾತು ಆ ಕಥೆಯಲ್ಲಿ ಅಡಗಿರಬಹುದು. ಈ ವಯಸ್ಸಿನ ಮಕ್ಕಳು ತಪ್ಪನ್ನು ತಮ್ಮ ಮೇಲೇ ಹಾಕಿಕೊಳ್ಳುವುದು ಜಾಸ್ತಿ. ಅದನ್ನು ಮೊದಲ ಸಲ ಮಗುವಿನ ಎದುರೇ ಕೇಳಿದರೆ ನೀವು ಅತ್ತುಬಿಡಬಹುದು. ಆಗ ಅವನು ಮತ್ತೆ ಬಾಯಿ ಬಿಡದೇ ಹೋಗಬಹುದು. ಅದಕ್ಕೆ ಥೆರಪಿಸ್ಟ್ ಆ ಕಥೆಯನ್ನು ಮೊದಲು ನಿಮಗೆ ಮಾತ್ರ ಓದಿ ಹೇಳುತ್ತಾರೆ. ಅಳುವುದನ್ನೆಲ್ಲ ನೀವು ಅಲ್ಲಿ ಅತ್ತು, ಏನು ಹೇಳಬೇಕೆಂದು ತಯಾರಾಗಿ, ನಂತರ ಮಗನ ಜೊತೆ ಕೂರುತ್ತೀರಿ. "ನೀನು ಕರೆದಿದ್ದಕ್ಕೆ ಆಗಿದ್ದಲ್ಲ, ಪುಟ್ಟಾ" ಎಂದು ನಿಮ್ಮ ಬಾಯಿಂದಲೇ ಕೇಳಬೇಕು ಅವನು. ಬೇರೆ ಯಾರು ಹೇಳಿದರೂ ಅಷ್ಟು ನಾಟುವುದಿಲ್ಲ.

ಅಲ್ಲಿಯವರೆಗೆ ಆ ಆಟದ ಕಾರುಗಳನ್ನು ಬಚ್ಚಿಡಬೇಡಿ, ಬೈಯಲೂಬೇಡಿ. ಬಾಯಲ್ಲಿ ಹೇಳಲಾಗದ್ದನ್ನು ಅವನು ಕೈಯಲ್ಲಿ ಆಡಿ ತೋರಿಸುತ್ತಿದ್ದಾನೆ. ಪಕ್ಕದಲ್ಲಿ ಕೂತು "ಗುದ್ದಿತು. ಆಮೇಲೆ ಸಹಾಯಕ್ಕೆ ಯಾರು ಬಂದರು?" ಎಂದು ಮೆಲ್ಲಗೆ ಕೇಳಿ. ಉತ್ತರ ಬರದಿದ್ದರೆ ಒತ್ತಾಯ ಬೇಡ.

ಇನ್ನು ನಿಮ್ಮ ರೇಗಾಟ. ಆ ಕಾರಿನಲ್ಲಿ ನೀವೂ ಇದ್ದಿರಿ, ಅಲ್ವಾ? ಹೀಗೆ ಸಿಡಿಮಿಡಿ ಆಗುವುದೂ ಆಘಾತದ ಲಕ್ಷಣವೇ. ರೇಗಿದ ಮೇಲೆ "ಅಮ್ಮನಿಗೆ ಸಿಟ್ಟು ಬಂತು, ಅದು ನಿನ್ನಿಂದ ಅಲ್ಲ" ಎಂದು ಹೇಳಿ ತಬ್ಬಿಕೊಳ್ಳಿ. ಮೊದಲ ಭೇಟಿಯಲ್ಲೇ ನಿಮ್ಮ ನಿದ್ದೆ, ನಿಮ್ಮ ಭಯದ ಬಗ್ಗೆಯೂ ಹೇಳಿ. ಥೆರಪಿಸ್ಟ್ ನಿಮ್ಮ ಗಂಡನದ್ದನ್ನೂ ಕೇಳಲಿ. ದೊಡ್ಡವರಿಗೆ ಬೇರೆಯಾಗಿ ಥೆರಪಿ ಬೇಕಾದರೆ ಮಗನದ್ದು ಮುಗಿಯಲಿ ಎಂದು ಕಾಯಬೇಕಿಲ್ಲ, ಎರಡೂ ಒಟ್ಟಿಗೇ ನಡೆಯಬಹುದು.