ಮಂಗಳದ ಮಣ್ಣಿನಲ್ಲಿ ತುಕ್ಕು ಬಿಟ್ಟು ಇನ್ನೇನಿದೆ?

ನಿಮ್ಮ ಪ್ರಶ್ನೆ: ಮಂಗಳ ಗ್ರಹದ ಮಣ್ಣಿನಲ್ಲಿ ತುಕ್ಕು ಬಿಟ್ಟು ಬೇರೆ ಯಾವ ರಾಸಾಯನಿಕಗಳಿವೆ, ಅಲ್ಲಿ ಬೆಳೆ ತೆಗೆಯಬಹುದೇ?

ತುಕ್ಕು ಇದೆ, ನಿಜ. ಆದರೆ ಅದು ಬಣ್ಣ ಕೊಡುವಷ್ಟು ಮಾತ್ರ. ಉಳಿದದ್ದು ಬಹುಪಾಲು ಬಸಾಲ್ಟ್ ಪುಡಿ, ಅಂದರೆ ಲಾವಾ ಆರಿ ಗಟ್ಟಿಯಾದ ಕಪ್ಪು ಕಲ್ಲಿನ ಪುಡಿ. ನಮ್ಮ ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಹುಟ್ಟಿದ್ದೂ ಬಸಾಲ್ಟಿನಿಂದಲೇ. ಇಲ್ಲಿ ಮಳೆ ನೀರು ಆ ಕಲ್ಲನ್ನು ಕೊರೆದು ಕರಗಿಸಿ ಜೇಡಿ ಮಾಡಿತು. ಮಂಗಳದಲ್ಲಿ ಮಳೆ ಎಲ್ಲಿಂದ ಬರಬೇಕು?

ನಾಸಾ ಮಂಗಳಕ್ಕೆ ಕಳಿಸಿದ ಕ್ಯೂರಿಯಾಸಿಟಿ ರೋವರ್ (ಚಕ್ರದ ಗಾಡಿ) 2012ರಲ್ಲಿ ಗೇಲ್ ಕುಳಿಯ ರಾಕ್‌ನೆಸ್ಟ್ ಎಂಬಲ್ಲಿ ಮಣ್ಣು ಬಗೆದು ಎಕ್ಸ್‌ರೇ ಹಾಯಿಸಿತು. ಫೆಲ್ಡ್‌ಸ್ಪಾರ್, ಪೈರಾಕ್ಸೀನ್, ಆಲಿವೀನ್ ಎಂಬ ಖನಿಜಗಳು ಸಿಕ್ಕವು. ಆಲಿವೀನ್ ನೀರು ತಾಗಿದರೆ ಬೇಗ ಹಾಳಾಗುವ ಖನಿಜ. ಅದು ಇನ್ನೂ ಉಳಿದಿದೆ ಅಂದರೆ ಆ ಜಾಗ ಎಷ್ಟು ಒಣಗಿದೆ ನೋಡಿ. ತೂಕದ ಲೆಕ್ಕದಲ್ಲಿ ಸಿಲಿಕಾ ಸುಮಾರು 43%, ಕಬ್ಬಿಣದ ಆಕ್ಸೈಡ್ 19% (ಇದೆಲ್ಲ ತುಕ್ಕಲ್ಲ, ಖನಿಜಗಳೊಳಗಿನ ಕಬ್ಬಿಣವೂ ಈ ಲೆಕ್ಕದಲ್ಲಿ ಸೇರಿದೆ). ಅಲ್ಯೂಮಿನಿಯಂ, ಮೆಗ್ನೀಸಿಯಂ ಆಕ್ಸೈಡ್‌ಗಳು ತಲಾ 9%ರ ಆಸುಪಾಸು. ಆಮೇಲೆ ಕ್ಯಾಲ್ಸಿಯಂ, ಗಂಧಕ ಬರುತ್ತವೆ. ಮಣ್ಣನ್ನು ಕಾಯಿಸಿದಾಗ ಸುಮಾರು 2% ನೀರೂ ಹೊರಬಂತು.

ಇಷ್ಟಕ್ಕೇ ನಿಂತಿದ್ದರೆ ನಾನು ಇಷ್ಟುದ್ದ ಬರೆಯುತ್ತಲೇ ಇರಲಿಲ್ಲ. ನನ್ನ ಪ್ರಕಾರ ನಿಜವಾದ ಕಥೆ ಇರುವುದು ಉಳಿದ ಅರ್ಧ ಶೇಕಡಾದಲ್ಲಿ.

2008ರಲ್ಲಿ ಫೀನಿಕ್ಸ್ ನೌಕೆ ಉತ್ತರ ಧ್ರುವದ ಕಡೆ ಇಳಿಯಿತು. ಅದರೊಳಗೆ ಪುಟ್ಟ ಲೋಟದಂಥ ಕೋಶಗಳಿದ್ದವು. ಭೂಮಿಯಿಂದ ಒಯ್ದ ನೀರಿಗೆ ಅಲ್ಲಿನ ಮಣ್ಣು ಒಂದು ಚಿಟಿಕೆ ಹಾಕಿ ಕಲಕಿ, ಏನೇನು ಕರಗಿತು ಅಂತ ಸೆನ್ಸರ್‌ಗಳಿಂದ ನೋಡುವ ಏರ್ಪಾಡು. ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 7.7ರ ಹತ್ತಿರ ಬಂತು. ನಮ್ಮ ಎಷ್ಟೋ ಹೊಲಗಳಲ್ಲೂ ಅಷ್ಟೇ ಇರುತ್ತದೆ. ಆದರೆ ನೈಟ್ರೇಟ್ ಅಳೆಯಲು ಇಟ್ಟಿದ್ದ ಸೆನ್ಸರ್ ವಿಪರೀತ ಸಿಗ್ನಲ್ ಕೊಟ್ಟಿತು. ಅದು ನೈಟ್ರೇಟೇ ಆಗಿದ್ದರೆ, ಅದರ ತೂಕವೇ ಹಾಕಿದ ಮಣ್ಣಿಗಿಂತ ಜಾಸ್ತಿ ಇರಬೇಕಿತ್ತು! ಅಂಥ ಸಿಗ್ನಲ್ ಕೊಡಬಲ್ಲದ್ದು ಪರ್‌ಕ್ಲೋರೇಟ್. ಒಂದು ಕ್ಲೋರಿನ್, ಅದಕ್ಕೆ ಅಂಟಿದ ನಾಲ್ಕು ಆಮ್ಲಜನಕ. ಪ್ರಮಾಣ 0.4ರಿಂದ 0.6%. ಮಂಗಳಯಾನವನ್ನು ಹೊತ್ತೊಯ್ದ ಪಿಎಸ್‌ಎಲ್‌ವಿಯ ಮೊದಲ ಹಂತದ ಘನ ಇಂಧನದಲ್ಲಿ ಆಮ್ಲಜನಕ ಒದಗಿಸುವುದೂ ಇದೇ ಜಾತಿಯ ಅಮೋನಿಯಂ ಪರ್‌ಕ್ಲೋರೇಟ್.

ಇದರಿಂದ ಒಂದು ಹಳೇ ತಗಾದೆಗೂ ಜೀವ ಬಂತು. 1976ರಲ್ಲಿ ವೈಕಿಂಗ್ ನೌಕೆಗಳು ಮಣ್ಣು ಕಾಯಿಸಿ ಸಾವಯವ ವಸ್ತು, ಅಂದರೆ ಇಂಗಾಲದ ಸಂಯುಕ್ತಗಳನ್ನು, ಹುಡುಕಿದ್ದವು. ಸಿಕ್ಕಿದ್ದು ಕ್ಲೋರಿನ್ ಇರುವ ಒಂದೆರಡು ಸರಳ ಸಂಯುಕ್ತಗಳು. ಉಪಕರಣ ತೊಳೆದ ದ್ರಾವಕದ ಉಳಿಕೆ ಅಂತ ಅದನ್ನು ಬದಿಗಿಟ್ಟರು. 2010ರಲ್ಲಿ ಒಂದು ತಂಡ ಚಿಲಿಯ ಅಟಕಾಮಾ ಮರುಭೂಮಿಯ ಮಣ್ಣಿಗೆ ಪರ್‌ಕ್ಲೋರೇಟ್ ಬೆರೆಸಿ ಕಾಯಿಸಿತು. ಅವೇ ಸಂಯುಕ್ತಗಳು ಹುಟ್ಟಿದವು. ಅಂದರೆ ವೈಕಿಂಗ್ ತಾನು ಹುಡುಕುತ್ತಿದ್ದುದನ್ನು ತಾನೇ ಸುಟ್ಟಿರಬಹುದು. ಜೀವ ಇತ್ತು ಅಂತಲ್ಲ, ಉಲ್ಕೆಗಳಿಂದಲೂ ಸಾವಯವ ವಸ್ತು ಬೀಳುತ್ತದೆ.

ಇನ್ನು ಬೆಳೆ. ರಂಜಕ, ಕಬ್ಬಿಣ ಧಾರಾಳ. ನೈಟ್ರೇಟನ್ನೂ ಕ್ಯೂರಿಯಾಸಿಟಿ ಪತ್ತೆ ಮಾಡಿದೆ, ಆದರೆ ತೀರಾ ಕಡಿಮೆ. ಸಾವಯವ ಅಂಶ ಹೆಸರಿಗಷ್ಟೇ. ಪರ್‌ಕ್ಲೋರೇಟ್ ಎಲೆಗಳಲ್ಲಿ ಸೇರಿಕೊಳ್ಳುತ್ತದೆ, ತಿಂದವರ ಥೈರಾಯ್ಡ್‌ಗೆ ಅಯೋಡಿನ್ ಹೋಗದಂತೆ ತಡೆಯುತ್ತದೆ. ನೀರಲ್ಲಿ ಸುಲಭವಾಗಿ ಕರಗುವುದರಿಂದ ಮಣ್ಣು ತೊಳೆದರೆ ಹೋಗುತ್ತದೆ. ತೊಳೆಯಲು ಐಸ್ ಕರಗಿಸಬೇಕು, ಆ ನೀರನ್ನು ಮತ್ತೆ ಶುದ್ಧ ಮಾಡಬೇಕು, ಅಷ್ಟೇ ಕಷ್ಟ.

"ಮಂಗಳದ ಮಣ್ಣಲ್ಲಿ ಟೊಮೆಟೊ ಬೆಳೆದರು" ಅಂತ ಆಗಾಗ ಸುದ್ದಿ ಬರುತ್ತದಲ್ವಾ? ಮಂಗಳಕ್ಕೆ ಹೋಗಿ ತಂದ ಮಣ್ಣು ಒಂದು ಚಮಚವೂ ಭೂಮಿಯಲ್ಲಿಲ್ಲ. ಅವರು ಬಳಸುವುದು ಹವಾಯಿಯ ಜ್ವಾಲಾಮುಖಿ ಬೂದಿಯಂಥದ್ದರಿಂದ ಮಾಡಿದ ನಕಲಿ ಮಣ್ಣು. ಅದಕ್ಕೆ ಪರ್‌ಕ್ಲೋರೇಟನ್ನು ಬೇರೆಯಾಗಿ ಬೆರೆಸಬೇಕಾಗುತ್ತದೆ. ಬೆರೆಸಿದ್ದರೋ ಇಲ್ಲವೋ, ಅದನ್ನು ಮೊದಲು ಹುಡುಕಿ ಓದಿ.